ಎರಡನೆಯವನ ಗಂಟು

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ನಾಲ್ಕನೆಯ ಬಡಿತಕ್ಕೆ ಕಾದರೆ ಅದು ಬರಲಿಲ್ಲ.

ಯಾಂಗ್ಜಿ ಒಲೆಯ ಪಕ್ಕದಲ್ಲಿ ಎದ್ದು ಕುಳಿತಳು. ಆ ಮನೆಯ ಬಾಗಿಲನ್ನು ಹಗಲಿನಲ್ಲಿ ಬಡಿಯುವವರೇ ಕಡಿಮೆ. ಕಟ್ಟಿಗೆ ಸೀಳುವ ಕುಕ್ರಿಯನ್ನು ಕೈಗೆ ತೆಗೆದುಕೊಂಡು ಅಗುಳಿ ಸರಿಸಿದಳು.

ಹೊಸ್ತಿಲಾಚೆ ಹರ್ಕಮಾನ್ ರಾಯಿ ನಿಂತಿದ್ದ. ಬೆಟ್ಟದ ಮೇಲಿನ ಎರಡನೆಯ ಕ್ಯಾಂಪಿನ ಅಡುಗೆಯವನು. ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಇಳಿದವನಂತೆ ಏದುಸಿರು ಬಿಡುತ್ತಿದ್ದ. ಹಣೆಯ ದೀಪವನ್ನು ಆರಿಸಿಕೊಂಡಿದ್ದ. ಅಂಗಿಯೊಳಗಿಂದ ಹಿಟ್ಟಿನ ಚೀಲವೊಂದನ್ನು ತೆಗೆದು ಅವಳ ಕೈಗೆ ತುರುಕಿದ.

"ಏನಿದು?"

"ನಾನು ಬಂದಿಲ್ಲ ದಿದಿ. ನೀನು ನನ್ನ ನೋಡಿಲ್ಲ."

"ಒಳಗ್ ಬಾ. ಚಾ ಕುಡ್ಕೊಂಡು ಹೋಗು."

"ಬೆಳಕಾಗೋದ್ರೊಳಗೆ ಸೇತುವೆ ದಾಟ್ಬೇಕು." ಎರಡು ಹೆಜ್ಜೆ ಇಟ್ಟವನು ತಿರುಗಿ ನಿಂತ. "ನಿನ್ ತಮ್ಮನ ಸೊಂಟದ ಹಗ್ಗಕ್ಕೆ ಸಿಕ್ಕಿತ್ತು. ಎರಡಿರ್ಬೇಕಿತ್ತು ದಿದಿ. ಒಂದೇ ಇತ್ತು."

ಕತ್ತಲೆಯೊಳಗೆ ಇಳಿದುಹೋದ.

"ಯಾರೇ ಅದು?" ಒಳಗಿನಿಂದ ಮುದುಕಿ ತಾಯಿ ಕೇಳಿದಳು.

"ನಾಯಿ, ಅಮ್ಮ."

"ನಾಯಿ ಬಾಗಿಲು ಬಡಿಯುತ್ತಾ?"

ಯಾಂಗ್ಜಿ ಬಾಗಿಲಿಗೆ ಅಗುಳಿ ಹಾಕಿದಳು. ಬೆಣ್ಣೆಯ ದೀಪದ ಮುಂದೆ ಕುಳಿತು ಚೀಲ ಬಿಚ್ಚಿದಳು. ಒಳಗಿದ್ದುದು ಒಂದು ಮೊಳದ ಹಗ್ಗ. ಒಂದು ತುದಿಯನ್ನು ಚಾಕುವಿನಿಂದ ಕೊಯ್ಯಲಾಗಿತ್ತು. ಇನ್ನೊಂದು ತುದಿಯಲ್ಲಿ ಗಂಟು. ಗಂಟಿನೊಳಗೆ ಉಕ್ಕಿನ ಕೊಂಡಿ. ಕೊಂಡಿಗೆ ಜೋತುಬಿದ್ದ ಒಂದು ತಿರುಪುಮೊಳೆ. ಹಿಮಗೋಡೆಗೆ ತಿರುಗಿಸಿ ಕೂರಿಸಿ, ಹಗ್ಗವನ್ನೂ ಹಗ್ಗಕ್ಕೆ ಜೋತುಬೀಳುವ ಮನುಷ್ಯರನ್ನೂ ಅದರ ಮೇಲೆ ಬಿಡುವ ಮೊಳೆ. ಒಂದೊಂದು ಗಂಟಿಗೂ ಎರಡೆರಡು ಮೊಳೆ ಇರಬೇಕು. ಒಂದು ಕಿತ್ತರೆ ಇನ್ನೊಂದು ಹಿಡಿಯಬೇಕು.

ಇಲ್ಲಿ ಒಂದೇ ಇತ್ತು.

ಹದಿಮೂರು ದಿನಗಳ ಹಿಂದೆ ಜಗತ್ತಿನ ಎಲ್ಲಕ್ಕೂ ಎತ್ತರದ ಬೆಟ್ಟ ಚೋಮೊಲುಂಗ್ಮಾದ ನೀಲಿ ಹಿಮದ ಗೋಡೆಯಿಂದ ಅವಳ ತಮ್ಮ ಬಿದ್ದಿದ್ದ. ಶಿಖರ ಮುಟ್ಟಿ ಇಳಿಯುತ್ತಿದ್ದ ಗಿರಾಕಿಯೊಬ್ಬನ ಚೀಲ, ಅವನ ಕ್ಯಾಮೆರಾ, ನಾಲ್ಕು ಖಾಲಿ ಸಿಲಿಂಡರುಗಳು ತಮ್ಮನ ಬೆನ್ನ ಮೇಲಿದ್ದವು. ಅದೇ ಹಗ್ಗದ ಕೆಳತುದಿಯಲ್ಲಿದ್ದ ಗಿರಾಕಿಯ ಸೊಂಟ ಮುರಿಯಿತು. ಅವನನ್ನು ಅದೇ ಮಧ್ಯಾಹ್ನ ಹೆಲಿಕಾಪ್ಟರ್ ಎತ್ತಿಕೊಂಡು ಹೋಯಿತು. ಜೊತೆಗೆ ಅವನ ಎರಡು ಚೀಲಗಳೂ ಹಾರಿದವು. ಹೆಣಕ್ಕೆ ಜಾಗವಿರಲಿಲ್ಲ. ಹರ್ಕಮಾನ್ ಅದನ್ನು ಹರಿದ ಗುಡಾರದ ಬಟ್ಟೆಯಲ್ಲಿ ಸುತ್ತಿ, ಅಡುಗೆ ಡೇರೆಯ ಹಿಂದೆ ಕಲ್ಲು ಹೇರಿ ಇಟ್ಟಿದ್ದ.

ಈಗ ಋತು ಮುಗಿದಿತ್ತು. ಹಿಮದ ಬಿರುಕುಗಳ ಮೇಲಿನ ಏಣಿಗಳನ್ನು ತೆಗೆದಾಗಿತ್ತು. ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋಗುವ ದಾರಿಯೇ ಉಳಿದಿರಲಿಲ್ಲ. ಹೆಲಿಕಾಪ್ಟರ್ ಹೋದರೆ ತಮ್ಮ ಬರುತ್ತಾನೆ, ಸುಡಬಹುದು. ಹೋಗದಿದ್ದರೆ ಮಳೆಗಾಲದ ಹಿಮ ಅವನ ಮೇಲೆ ಬೀಳುತ್ತದೆ. ಮುಂದಿನ ವರ್ಷ ಹುಡುಕಲು ಗುರುತೂ ಇರುವುದಿಲ್ಲ.

ಹೆಲಿಕಾಪ್ಟರ್ ಕಳಿಸಲು ಕಂಪನಿಯ ಗ್ರೆಗ್ಸನ್ ಸಾಹೇಬ ಒಪ್ಪಿದ್ದ. ಷರತ್ತು ಒಂದೇ. ನಾಳೆ ಬೆಳಿಗ್ಗೆ ಒಂದು ಕಾಗದ ಬರುತ್ತದೆ. ಅದಕ್ಕೆ ಯಾಂಗ್ಜಿ ಹೆಬ್ಬೆಟ್ಟು ಒತ್ತಬೇಕು. ಆ ಜಾಗದಲ್ಲಿ ಹಗ್ಗ ಬಿಗಿದವನು ಅವಳ ತಮ್ಮನೇ, ತಪ್ಪು ಅವನದೇ, ಬೇರೆ ಯಾರದೂ ಅಲ್ಲ ಎಂದು ಮನೆಯವರು ಒಪ್ಪಬೇಕು.

ಅವಳು ಗಂಟನ್ನು ಬೆರಳಿನಿಂದ ತಡವಿದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಗಂಟು ಬರುತ್ತಿತ್ತು.

ಸಾಹೇಬರ ಬೆಟ್ಟ ಹತ್ತುವ ಶಾಲೆಯಲ್ಲಿ ಕಲಿಸುವ ಎಂಟರ ಆಕಾರದ ಗಂಟು ಅದು. ಆದರೆ ಅಲ್ಲಿಗೇ ನಿಂತಿರಲಿಲ್ಲ. ಉಳಿದ ಬಾಲವನ್ನು ಎರಡು ಸಲ ಹಿಂದಕ್ಕೆ ತೂರಿಸಿ ಕುಣಿಕೆಯ ಅಡಿಗೆ ಅದುಮಲಾಗಿತ್ತು. ಇದು ಯಾಕ್ ಕಟ್ಟುವ ಗಂಟು. ಎಲ್ಲರದೂ ಅಲ್ಲ, ಊರಿನ ಮೇಲ್ಮನೆಯ ಮುದುಕನ ದೊಡ್ಡಿಯದು. ಆ ದೊಡ್ಡಿಯಲ್ಲಿ ಅವಳೂ ತಮ್ಮನೂ ಏಳು ವರ್ಷ ಸಗಣಿ ಬಾಚಿದ್ದರು. ಗಂಟು ತಪ್ಪಿದರೆ ಮುದುಕ ಅದೇ ಹಗ್ಗದ ತುದಿಯಿಂದ ಹೊಡೆಯುತ್ತಿದ್ದ. ಮೂವರಿಗೆ ಕಲಿಸಿ ಸತ್ತ.

ಮೂವರಲ್ಲಿ ಒಬ್ಬಳು ಇಲ್ಲಿ ದೀಪದ ಮುಂದೆ ಕುಳಿತಿದ್ದಳು. ಒಬ್ಬ ಹಿಮದಲ್ಲಿ ಮಲಗಿದ್ದ.

ಹಾಗಾದರೆ ತಮ್ಮನೇ? ಕಾಗದ ಹೇಳುವುದು ನಿಜವೇ?

ಅವಳು ಎದ್ದು ಮೂಲೆಯ ಕಟ್ಟಿಗೆ ಹೊರೆಯ ಬಳಿಗೆ ಹೋದಳು. ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ತಮ್ಮ ಕಟ್ಟಿಟ್ಟ ಹೊರೆ. ಅದನ್ನು ಬಿಚ್ಚಲು ತಾಯಿ ಮಗಳಿಬ್ಬರಿಗೂ ಮನಸ್ಸು ಬಂದಿರಲಿಲ್ಲ. ದೀಪ ಹಿಡಿದು ಬಗ್ಗಿದಳು. ಅದೇ ಗಂಟು. ಅದೇ ಎರಡು ಸುತ್ತು. ಆದರೆ ಬಾಲ ಎಡದಿಂದ ಬಲಕ್ಕೆ ತಿರುಗಿತ್ತು. ಹಗ್ಗದ ತುಂಡಿನಲ್ಲಿ ಬಲದಿಂದ ಎಡಕ್ಕೆ. ಕನ್ನಡಿಯಲ್ಲಿ ಕಂಡ ಹಾಗೆ, ಒಂದು ಇನ್ನೊಂದರ ತದ್ವಿರುದ್ಧ.

ತಮ್ಮನ ಬಲಗೈಯಲ್ಲಿ ಮೂರೇ ಬೆರಳಿದ್ದವು. ನಾಲ್ಕು ವರ್ಷಗಳ ಹಿಂದೆ ಗಿರಾಕಿಯೊಬ್ಬನ ಕೈಗವಸು ಗಾಳಿಗೆ ಹಾರಿತ್ತು. "ನಿಂದು ಬಿಚ್ಚಿ ಕೊಡು" ಎಂದು ರೇಡಿಯೋದಲ್ಲಿ ಆಜ್ಞೆ ಬಂತು. ಇವನು ಬಿಚ್ಚಿ ಕೊಟ್ಟ. ಎರಡು ಬೆರಳು ಕಪ್ಪಾಗಿ ಉದುರಿದವು. ಅಂದಿನಿಂದ ಅವನು ಎಲ್ಲ ಗಂಟುಗಳನ್ನೂ ಎಡಗೈಯಲ್ಲಿ ಹಾಕುತ್ತಿದ್ದ.

ಯಾಂಗ್ಜಿ ದೀಪದ ಮುಂದೆ ಮರಳಿ ಕುಳಿತಳು. ಮೂರನೆಯವನು ಉಳಿದ. ಅವನ ಹೆಸರನ್ನು ಅವಳು ಮನಸ್ಸಿನಲ್ಲೂ ಉಚ್ಚರಿಸಲಿಲ್ಲ.

ಬೆಳಗಾಯಿತು. ಮುದುಕಿ ಜಪಮಣಿ ಎಣಿಸುತ್ತಿದ್ದಳು. ಸತ್ತವನ ಹೆಸರನ್ನು ನಲವತ್ತೊಂಬತ್ತು ದಿನ ಯಾರೂ ಬಾಯಲ್ಲಿ ತರುವಂತಿಲ್ಲ. ಕರೆದರೆ ಹೋಗುತ್ತಿರುವವನು ತಿರುಗಿ ನೋಡುತ್ತಾನೆ, ದಾರಿ ತಪ್ಪುತ್ತಾನೆ. ಹದಿಮೂರು ದಿನದಿಂದ ತಾಯಿಯ ಮನೆಯಲ್ಲಿ ಮಗನಿಗೆ ಹೆಸರಿರಲಿಲ್ಲ.

ಬೆಟ್ಟದ ಮೇಲೆ ಅದಕ್ಕೂ ಮೊದಲೇ ಇರಲಿಲ್ಲ. ಹೋದ ಚಳಿಗಾಲದಲ್ಲಿ ಆಲೂಗಡ್ಡೆಯ ರೊಟ್ಟಿ ಮುರಿಯುತ್ತ ಅವನೇ ನಕ್ಕು ಹೇಳಿದ್ದ.

"ನಮ್ ಜನಕ್ಕೆ ಹುಟ್ಟಿದ್ ವಾರದ ಹೆಸರು ಬಿಟ್ರೆ ಬೇರೆ ಗತಿ ಇಲ್ವಲ್ಲ ಅಕ್ಕಾ. ಕ್ಯಾಂಪಲ್ಲಿ 'ದಾವಾ' ಅಂದ್ರೆ ಸೋಮವಾರ ಹುಟ್ಟಿದ ಐದು ತಲೆ ತಿರುಗ್ತಾವೆ. ಸಾಹೇಬಂಗೆ ತಲೆ ಕೆಟ್ಹೋಯ್ತು. ಎಲ್ರಿಗೂ ನಂಬರ್ ಹಾಕ್ಬಿಟ್ಟ. ಗುರುವಾರದೋರು ನಾವಿಬ್ರು, ಯಜಮಾನ್ರು ಒಂದು, ನಾನು ಎರಡು."

"ಎರಡು ಅಂದ್ರೆ?"

"ಎರಡು ಅಂದ್ರೆ ಎರಡು. ಹೆಲ್ಮೆಟ್ ಮೇಲೂ ಬಳ್ದಿದ್ದಾರೆ. 'ಎರಡು, ಟೀ ತಾ! ಎರಡು, ಕಕ್ಕಸಿನ ಡಬ್ಬ ಎತ್ತು!' ಓಡ್ತೀನಿ."

"ಯಾಕಿಗೆ ಬರೆ ಹಾಕ್ದಂಗೆ."

"ಯಾಕಿಗೆ ಮೇವಾದ್ರೂ ಮೊದ್ಲು ಹಾಕ್ತಾರಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಗೊರಸಿನ ಸದ್ದು ಕೇಳಿಸಿತು. ಯಾಂಗ್ಜಿ ಹಗ್ಗದ ತುಂಡನ್ನು ಸೊಂಟದೊಳಗೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

ಮುಂದೆ ಕುದುರೆಯ ಮೇಲೆ ಸರ್ದಾರ ನವಾಂಗ್. ಬೆಟ್ಟದ ಕೆಲಸಗಾರರಿಗೆಲ್ಲ ಯಜಮಾನ, ಕಂಪನಿಯಲ್ಲಿ ಅರ್ಧ ಪಾಲುದಾರ, ಮೇಲ್ಮನೆಯ ಮುದುಕನ ಮಗ. ನವಾಂಗ್ ಎಂಬ ಹೆಸರು ಊರಿನ ನಾಲಗೆಗೆ ಇನ್ನೂ ಒಗ್ಗಿರಲಿಲ್ಲ. ಬೆಟ್ಟದಿಂದ ಇಳಿದವನೇ ಅವನು ಎದೆನೋವೆಂದು ಹಾಸಿಗೆ ಹಿಡಿದಿದ್ದ. ಲಾಮಾ ಬಂದು, ಹಳೆಯ ಹೆಸರು ಭಾರವಾಗಿದೆಯೆಂದು ಹೊಸ ಹೆಸರು ಕೊಟ್ಟು ಹೋಗಿದ್ದರು. ಕಾಯಿಲೆ ಬಿದ್ದವರು ಹೆಸರು ಬದಲಿಸುವುದು ಅಲ್ಲಿ ಹೊಸದೇನಲ್ಲ. ಹೆಸರು ಬದಲಾದ ಮೂರನೆಯ ದಿನಕ್ಕೆ ಸರ್ದಾರ ಕುದುರೆ ಹತ್ತಿದ್ದ.

ಹಿಂದೆ ಕಾಲ್ನಡಿಗೆಯಲ್ಲಿ ಗ್ರೆಗ್ಸನ್ ಸಾಹೇಬ. ಇಪ್ಪತ್ತು ವರ್ಷದಿಂದ ಬರುತ್ತಿದ್ದವನು. ಊರಿನವರ ಮಾತನ್ನು ಅವರ ಬೈಗುಳದ ಸಮೇತ ಕಲಿತಿದ್ದ. ಅವನ ಹಿಂದೆ ಕೆಳಗಿನ ಠಾಣೆಯ ಪೊಲೀಸ್ ಚೌಧರಿ. ಬಯಲುಸೀಮೆಯ ಮನುಷ್ಯ, ಆ ಎತ್ತರಕ್ಕೆ ಬಂದಂದಿನಿಂದ ಅವನ ಮೂಗು ಸೋರುವುದು ನಿಂತಿರಲಿಲ್ಲ. ಬೇಲಿಯಾಚೆ ಊರಿನವರು ಹತ್ತಿಪ್ಪತ್ತು ಜನ ಸೇರಿದರು. ಅವರಲ್ಲಿ ಗಂಡಸರೆಲ್ಲ ಸರ್ದಾರನ ಕೆಲಸದವರು. ಯಾರೂ ಒಳಗೆ ಬರಲಿಲ್ಲ.

ಸರ್ದಾರ ಇಳಿದು ಕುದುರೆಯ ಹಗ್ಗವನ್ನು ಅಂಗಳದ ಕಂಬಕ್ಕೆ ಕಟ್ಟಿದ. ಕಟ್ಟುವಾಗ ಅವನು ಮಾತಾಡುತ್ತಿದ್ದುದು ಸಾಹೇಬನ ಜೊತೆ. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು.

ಯಾಂಗ್ಜಿ ಕೈಗಳನ್ನು ನೋಡಿದಳು.

ಎಂಟು. ಹಿಂದಕ್ಕೆ ಒಂದು ಸುತ್ತು. ಹಿಂದಕ್ಕೆ ಇನ್ನೊಂದು. ಕುಣಿಕೆಯ ಅಡಿಗೆ ಅದುಮು. ಬಲದಿಂದ ಎಡಕ್ಕೆ.

"ಏನ್ ನೋಡ್ತಿದೀಯ?" ಎಂದ ಸರ್ದಾರ.

"ಕುದುರೆ ಚೆನ್ನಾಗಿದೆ ಸರ್ದಾರ್."

ಬಾಗಿಲು ತೆರೆದಿಟ್ಟು ಒಳಗೆ ಬೆಂಚಿನ ಮೇಲೆ ಕುಳಿತರು. ಯಾಂಗ್ಜಿ ಬೆಣ್ಣೆ ಚಹಾ ಹಾಕಿ ಮೂರು ಬಟ್ಟಲು ಇಟ್ಟಳು. ಪೊಲೀಸ್ ಎರಡೂ ಕೈಯಿಂದ ಎತ್ತಿ ಕುಡಿದ. ಸಾಹೇಬ ತನ್ನ ಥರ್ಮಾಸ್ ತೆಗೆದ. ಸರ್ದಾರ ಕೋಟಿನ ಒಳಗಿಂದ ಬೆಳ್ಳಿಯ ಅಂಚಿನ ತನ್ನ ಮರದ ಬಟ್ಟಲನ್ನು ತೆಗೆದು ಮುಂದಿಟ್ಟುಕೊಂಡ. ಅದಕ್ಕೂ ಅವಳ ಚಹಾ ಹಾಕಿಸಿಕೊಳ್ಳಲಿಲ್ಲ.

ಯಾಂಗ್ಜಿಯ ಮನೆಯವರು ಬಾಯಿ ಕೂಡದವರು. ಅವಳ ಮುತ್ತಜ್ಜ ಯಾರದೋ ಮನೆಯ ಆಳಾಗಿದ್ದನಂತೆ. ಅವನ ಬಾಯಿ ತಾಗಿದ ಬಟ್ಟಲಿಗೆ ಊರಿನವರು ಬಾಯಿ ತಾಗಿಸುತ್ತಿರಲಿಲ್ಲ. ಮುತ್ತಜ್ಜ ಸತ್ತರೂ ಬಟ್ಟಲು ಸಾಯಲಿಲ್ಲ. ಮದುವೆಯ ಊಟದಲ್ಲಿ ಅವರಿಗೆ ಬಾಗಿಲ ಬಳಿಯ ಸಾಲು. ಹೊರೆಯಲ್ಲಿ ಮಾತ್ರ ಮೊದಲ ಸಾಲು. ಹೋಟೆಲಿನ ಬಾಗಿಲು, ಗ್ಯಾಸ್ ಸಿಲಿಂಡರ್, ಗಿರಾಕಿಗಳ ಊಟದ ಡೇರೆಗೆ ಹಾಸುವ ಜಮಖಾನ, ಎಲ್ಲವನ್ನೂ ಯಾಂಗ್ಜಿ ಹಣೆಪಟ್ಟಿಯಲ್ಲಿ ಜೋತುಹಾಕಿಕೊಂಡು ಹತ್ತಿದ್ದಳು. ಹಣೆಯ ನಡುವೆ ಹೆಬ್ಬೆರಳು ಇಡುವಷ್ಟು ಅಗಲದ ಕುಳಿ ಬಿದ್ದಿತ್ತು.

ಬೆಟ್ಟದ ಮೇಲೆ ಮಾತ್ರ ಒಂದು ಸಲ ಬಾಯಿ ಕೂಡಿತ್ತು. ಅದನ್ನೂ ತಮ್ಮನೇ ಹೇಳಿದ್ದ. ಸರ್ದಾರನ ಆಕ್ಸಿಜನ್ ಮುಖವಾಡ ಹೆಪ್ಪುಗಟ್ಟಿದಾಗ ಅವನು ತಮ್ಮನ ಮುಖದಿಂದ ಕಿತ್ತು ತನ್ನ ಮುಖಕ್ಕೆ ಹಾಕಿಕೊಂಡಿದ್ದ. "ಅರ್ಧ ಗಂಟೆ ನನ್ ಎಂಜಲು ಉಸಿರು ಕುಡ್ದ ಅಕ್ಕಾ. ಕೆಳಗಿಳಿದ್ಮೇಲೆ ಮತ್ತೆ ಕೋಟಿಂದ ಬಟ್ಟಲು ಬಂತು."

ಪೊಲೀಸ್ ಮೂಗು ಒರೆಸಿಕೊಂಡು ಕಾಗದ ಬಿಚ್ಚಿದ.

"ಓದ್ತೀನಿ, ಕೇಳ್ಕೊಳ್ಳಿ ಬಹಿನಿ. ಆ ದಿನ ನಾಲ್ಕನೇ ಕ್ಯಾಂಪಿನ ಕೆಳಗೆ ಹಗ್ಗ ಬಿಗಿದ ಕೆಲಸಗಾರನ ಹೆಸರು..."

"ಬೇಡ!" ಮುದುಕಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂಗಿದಳು. ಬೇಲಿಯಾಚೆಯಿಂದಲೂ ಜನ ಹುಯಿಲೆಬ್ಬಿಸಿದರು. "ಹೆಸರು ಹೇಳ್ಬೇಡ್ರೀ! ಹೆಸರು ಬೇಡ!"

ಪೊಲೀಸ್ ಬೆಚ್ಚಿದ. "ಸರಿ ಸರಿ. ಸದರಿ ವ್ಯಕ್ತಿ ಅಂತೀನಿ. ಸದರಿ ವ್ಯಕ್ತಿಯೇ ಹಗ್ಗ ಬಿಗಿದದ್ದು ಎಂದು ಕಂಪನಿಯ ರೇಡಿಯೋ ದಾಖಲೆಯಲ್ಲಿ ಸಾಹೇಬರ ಕೈಬರಹದಲ್ಲಿದೆ. ಮೊಳೆಗಳನ್ನು ಸರಿಯಾಗಿ ಹಾಕದೆ ನಿರ್ಲಕ್ಷ್ಯ ತೋರಿದ್ದರಿಂದ ತಾನೂ ಸತ್ತು, ವಿದೇಶಿ ಅತಿಥಿಯೊಬ್ಬರನ್ನೂ ಗಾಯಗೊಳಿಸಿದ್ದಾನೆ. ಇದಕ್ಕೆ ಬೇರೆ ಯಾರೂ ಹೊಣೆಯಲ್ಲ. ಅಷ್ಟೇ. ಇಲ್ಲಿ ಹೆಬ್ಬೆಟ್ಟು."

"ಅತಿಥಿಯ ವಕೀಲರು ಕೇಳ್ತಿದ್ದಾರೆ, ಸರ್ಕಾರ ಕೇಳ್ತಿದೆ," ಎಂದ ಸಾಹೇಬ ಮೆಲ್ಲಗೆ. "ಹಗ್ಗ ಯಾರು ಕಟ್ಟಿದ್ದು ಅಂತ ಬರೀದಿದ್ರೆ ಕಂಪನಿಯ ಪರವಾನಗಿ ಹೋಗುತ್ತೆ. ಪರವಾನಗಿ ಹೋದ್ರೆ ನಿಮ್ಮೂರಿನವರಿಗೆ ಮುಂದಿನ ವರ್ಷ ಕೆಲಸ ಇಲ್ಲ. ನಂಗೂ ದುಃಖ ಇದೆ. ನನ್ನ ಒಳ್ಳೇ ಹುಡುಗ ಅವನು."

"ಮೂವತ್ನಾಲ್ಕು ವರ್ಷ ಅವನಿಗೆ," ಎಂದಳು ಯಾಂಗ್ಜಿ.

"ಏನು?"

"ಹುಡುಗ ಅಲ್ಲ ಸಾಹೇಬ್."

ಸರ್ದಾರ ಕೆಮ್ಮಿದ. "ಹೆಲಿಕಾಪ್ಟರ್ ಮೇಲಿನ ಬಯಲಲ್ಲಿ ನಿಂತಿದೆ. ಮೋಡ ಹತ್ತೋ ಮೊದ್ಲು ಹಾರ್ಬೇಕು. ಇವತ್ತು ಬಿಟ್ರೆ ಇಲ್ಲ. ಒತ್ತು. ಮಧ್ಯಾಹ್ನಕ್ಕೆ ಅವನು ನಿನ್ನ ಅಂಗಳದಲ್ಲಿರ್ತಾನೆ."

ಮುದುಕಿ ಕಿವಿಯಿಂದ ಕೈ ತೆಗೆದಿದ್ದಳು. ಮಗಳ ಸೆರಗು ಹಿಡಿದು ಜಗ್ಗಿದಳು.

"ಒತ್ತೇ. ಏನ್ ಬೇಕಾದ್ರೂ ಬರ್ಕೊಳ್ಳಲಿ. ನನ್ ಮಗನ್ನ ತಂದ್ಕೊಡ್ಲಿ. ಸುಟ್ಟು ಬೂದಿ ಮಾಡ್ಕೊಳ್ತೀನಿ. ಕಾಗದದ ಮೇಲೆ ಏನಿದ್ರೆ ನಂಗೇನು?"

ಯಾಂಗ್ಜಿಯ ಕಣ್ಣು ಕಾಗದದ ಮೇಲಿತ್ತು. ಕರಿ ಇರುವೆಗಳ ಸಾಲು. ಅದರೊಳಗೆ ಎಲ್ಲೋ ಒಂದು ಕಡೆ ಅವಳ ತಮ್ಮ ಅಪರಾಧಿಯಾಗಿ ಕುಳಿತಿದ್ದ. ಬೂದಿ ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ. ನಾಳೆ ಕಂಪನಿಗಳೆಲ್ಲ ಓದುತ್ತವೆ. ಗಂಟು ಹಾಕಲು ಬಾರದವರ ಮನೆತನ, ಬಾಯಿ ಕೂಡದವರು ಹೇಗೋ ಹಾಗೆ ಕೈ ಕೂಡದವರು.

ಸರ್ದಾರ ಮುಂದೆ ಬಾಗಿದ. ಆಮೇಲೆ ಅವನು ಮಾಡಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ತನ್ನ ಬೆಳ್ಳಿಯಂಚಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಯಾಂಗ್ಜಿ ಅವನಿಗೆಂದು ಇಟ್ಟಿದ್ದ, ಅಂಚು ಮುಕ್ಕಾದ ಬಟ್ಟಲನ್ನು ಎತ್ತಿದ. ತುಟಿಗೆ ತಾಗಿಸಿದ. ಕುಡಿದ.

ಬೇಲಿಯಾಚೆ ಯಾರೋ "ಅಯ್ಯೋ" ಎಂದರು.

"ನೋಡಿದ್ಯಾ ತಂಗಿ?" ಎಂದ ಸರ್ದಾರ, ತುಟಿ ಒರೆಸಿಕೊಳ್ಳದೆ. "ಇವತ್ತಿಂದ ನೀವೂ ನಾವೂ ಒಂದೇ. ನಾನೇ ಊರಿಗೆಲ್ಲ ಹೇಳ್ತೀನಿ. ಇನ್ನೇನ್ ಬೇಕು ನಿಂಗೆ?"

ತಂಗಿ. ಏಳು ವರ್ಷ ಅವನ ಅಪ್ಪನ ದೊಡ್ಡಿಯಲ್ಲಿ ಸಗಣಿ ಬಾಚಿದಾಗ ಅವನು ಅವಳನ್ನು "ಏಯ್" ಎಂದು ಕರೆಯುತ್ತಿದ್ದ. ಆ ಬಟ್ಟಲಿಗೆ ಒಂದು ಬಾಯಿ ತಾಗಲಿ ಎಂದು ಅವಳ ಅಪ್ಪ ಸಾಯುವವರೆಗೆ ಕಾದಿದ್ದ. ಈಗ ತಾಗಿತ್ತು. ತಮ್ಮ ಸತ್ತದ್ದಕ್ಕೆ ತಾಗಿತ್ತು.

"ಒಂದ್ ನಿಮಿಷ," ಎಂದು ಎದ್ದಳು. ಮೂಲೆಯ ಕುಕ್ರಿ ತೆಗೆದುಕೊಂಡಳು. ಪೊಲೀಸ್ ಅರ್ಧ ಎದ್ದ. ಅವಳು ಅವನತ್ತ ನೋಡದೆ ಅಂಗಳಕ್ಕೆ ಇಳಿದಳು. ಕಂಬದ ಗಂಟನ್ನು ಕೆಡದಂತೆ ಬಿಟ್ಟು, ಅದರ ಆಚೆಗೆ ಕುದುರೆಯ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿದಳು. ಗಂಟನ್ನು ಕುಣಿಕೆಯ ಸಮೇತ ಕಂಬದ ತುದಿಯಿಂದ ಮೇಲೆತ್ತಿ ತೆಗೆದಳು. ಕುದುರೆ ಒಂದು ಕ್ಷಣ ನಿಂತು, ಯಾರೂ ಹಿಡಿಯದಿದ್ದುದನ್ನು ಕಂಡು, ಆಲೂಗಡ್ಡೆಯ ಹೊಲದೊಳಗೆ ನಡೆದುಹೋಯಿತು.

"ಏಯ್! ನನ್ ಕುದುರೆ!" ಸರ್ದಾರ ಬಾಗಿಲಿಗೆ ಧಾವಿಸಿದ.

"ಎಲ್ಲೂ ಹೋಗಲ್ಲ. ಬಂದು ಕೂತ್ಕೊಳ್ಳಿ."

ಅವಳು ಬೆಂಚಿನ ಮೇಲೆ, ಕಾಗದದ ಮೇಲೆಯೇ, ಕುದುರೆಯ ಗಂಟನ್ನು ಇಟ್ಟಳು. ಸೊಂಟದಿಂದ ಮೊಳೆ ಜೋತುಬಿದ್ದ ಹಗ್ಗದ ತುಂಡು ತೆಗೆದು ಅದರ ಪಕ್ಕಕ್ಕಿಟ್ಟಳು. ಮೂಲೆಗೆ ಹೋಗಿ ತಮ್ಮನ ಕಟ್ಟಿಗೆ ಹೊರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೂರನೆಯದಾಗಿ ಇಟ್ಟಳು. ಚಹಾ ಚೆಲ್ಲಿತು.

ಸಾಹೇಬನ ಕಣ್ಣು ಮೊಳೆಯ ಮೇಲಿತ್ತು. "ಇದು ಎಲ್ಲಿ ಸಿಕ್ತು?"

"ನನ್ ತಮ್ಮನ ಸೊಂಟದ ಪಟ್ಟಿಯ ಹಗ್ಗಕ್ಕೆ ಸಿಕ್ಕಿತ್ತು. ಅವನ ಜೊತೇಲೇ ಬಿತ್ತು. ಹಜೂರ್, ಓದು ನಂಗೆ ಬರಲ್ಲ. ನಿಮಗೆ ಕಣ್ಣಿದೆ. ನೋಡಿ."

ಪೊಲೀಸ್ ಬಾಗಿದ. ಮೂಗು ಒರೆಸಿಕೊಳ್ಳುವುದನ್ನು ಮರೆತ. ಬೆರಳಿನಿಂದ ಒಂದೊಂದನ್ನೇ ತಿರುಗಿಸಿದ.

"ಮೂರೂ ಒಂದೇ ಗಂಟು."

"ಒಂದೇ," ಎಂದ ಸರ್ದಾರ ತಟ್ಟನೆ. "ನಮ್ಮ ದೊಡ್ಡಿ ಗಂಟು. ಇವಳ ತಮ್ಮನೂ ಅಲ್ಲೇ ಕಲ್ತಿದ್ದು. ಅವನೇ ಹಾಕಿದ್ದು ಅನ್ನೋಕೆ ಇದೇ ಸಾಕ್ಷಿ. ಬರ್ಕೊಳ್ಳಿ."

"ಬಾಲ ನೋಡಿ ಹಜೂರ್. ಕಟ್ಟಿಗೆ ಹೊರೇದು ಯಾವ್ ಕಡೆ ತಿರುಗಿದೆ? ಮೊಳೇದು ಯಾವ್ ಕಡೆ? ಕುದುರೇದು ಯಾವ್ ಕಡೆ?"

ಪೊಲೀಸ್ ನೋಡಿದ. ಹೊರೆಯದು ಒಂದು ಕಡೆ. ಉಳಿದೆರಡು ಇನ್ನೊಂದು ಕಡೆ.

"ನನ್ ತಮ್ಮನ ಬಲಗೈಲಿ ಮೂರೇ ಬೆರಳು. ಎಡಗೈಲೇ ಗಂಟು ಹಾಕ್ತಿದ್ದ. ಆ ಬೆರಳು ಎಲ್ಲಿ ಹೋದ್ವು ಅಂತ ಸಾಹೇಬರನ್ನ ಕೇಳಿ. ರೇಡಿಯೋದಲ್ಲಿ ಅವರೇ ಹೇಳಿದ್ದು."

ಸಾಹೇಬ ಥರ್ಮಾಸಿನ ಮುಚ್ಚಳವನ್ನು ತಿರುಗಿಸುತ್ತ ಕುಳಿತ. ಅದು ಆಗಲೇ ಬಿಗಿಯಾಗಿತ್ತು.

"ಮೇಲೆ ಮೊಳೆ ಸಾಲಲಿಲ್ಲ ಅಲ್ವಾ?" ಯಾಂಗ್ಜಿ ಸರ್ದಾರನ ಕಡೆ ತಿರುಗಿದಳು. "ಎಲ್ರಿಗಿಂತ ಮೊದ್ಲು ನಿಮ್ ಗಿರಾಕಿ ತುದಿ ಮುಟ್ಬೇಕು. ಎರಡು ಮೊಳೇಲಿ ಒಂದನ್ನ ಕಿತ್ಕೊಂಡು ಮೇಲೆ ಹೋದ್ರಿ. ಇಳಿಯೋನು ಯಾರು, ಹೊತ್ಕೊಂಡು ಇಳಿಯೋನು ತಾನೆ. ಒಂದೇ ಸಾಕು ಅಂದ್ಕೊಂಡ್ರಿ."

ಸರ್ದಾರ ಹೆದರಲಿಲ್ಲ. ಕಾಗದವನ್ನು ಗಂಟುಗಳ ಅಡಿಯಿಂದ ಎಳೆದು ಪೊಲೀಸನ ಮುಂದೆ ಹಿಡಿದು ನಕ್ಕ.

"ಗಂಟು ಏನು ಸಾಕ್ಷಿನಾ? ಕೋರ್ಟಿಗೆ ಕುದುರೆ ಹಗ್ಗ ತಗೊಂಡು ಹೋಗ್ತೀರಾ? ಸಾಹೇಬರ ದಾಖಲೇಲಿ ಹಗ್ಗ ಬಿಗಿದವನ ಹೆಸರಿದೆ. ನನ್ ಹೆಸರು ನವಾಂಗ್. ಎಲ್ಲಾದ್ರೂ ನವಾಂಗ್ ಅಂತ ಇದ್ಯಾ, ಹುಡುಕಿ ತೋರ್ಸಿ."

ಪೊಲೀಸ್ ಮೇಲಿನಿಂದ ಕೆಳಗೆ ಬೆರಳಾಡಿಸಿದ. "ಇಲ್ಲ."

"ಹದಿಮೂರು ದಿನದ ಹಿಂದೆ," ಎಂದಳು ಯಾಂಗ್ಜಿ, "ನಿನ್ ಹೆಸರು ಏನಿತ್ತು?"

ನಿನ್ನ. ಈ ಮನೆಯವರು ಮೇಲ್ಮನೆಯವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸರ್ದಾರನ ನಗು ತುಟಿಯ ಮೇಲೆಯೇ ಗಟ್ಟಿಯಾಯಿತು.

"ಏನಿತ್ತು ಇವರ ಹೆಸರು?" ಪೊಲೀಸ್ ಬೇಲಿಯತ್ತ ತಿರುಗಿ ಕೇಳಿದ. "ಯಾರಾದ್ರೂ ಹೇಳಿ."

ಒಬ್ಬನು ಬೂಟು ನೋಡಿಕೊಂಡ. ಒಬ್ಬಳು ಮಗುವಿನ ಬಾಯಿಯ ಮೇಲೆ ಕೈ ಇಟ್ಟಳು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನಲವತ್ತು ವರ್ಷ ಅದೇ ಹೆಸರು ಹಿಡಿದು ಕರೆದಿದ್ದರು. ಯಾರೂ ಬಾಯಿ ಬಿಡಲಿಲ್ಲ.

"ಹೇಳಲ್ಲ," ಎಂದ ಸರ್ದಾರ ಮೆಲ್ಲಗೆ. "ಯಾರೂ ಹೇಳಲ್ಲ. ನೀನೂ ಹೇಳಲ್ಲ. ಹೇಳಿದ್ರೆ ತಿರುಗಿ ನೋಡೋನು ನಿನ್ ತಮ್ಮ."

ಮೇಲಿನ ಬಯಲಿನಲ್ಲಿ ಹೆಲಿಕಾಪ್ಟರಿನ ರೆಕ್ಕೆ ಸುತ್ತತೊಡಗಿದ ಸದ್ದು ಕೇಳಿಸಿತು. ಸಾಹೇಬ ಗಡಿಯಾರ ನೋಡಿ ಎದ್ದು ನಿಂತ.

"ಕೊನೇ ಸಲ ಕೇಳ್ತೀನಿ. ಅದು ಮೇಲಕ್ಕೆ ಹೋಗ್ಬೇಕೋ, ಕಾಠ್ಮಂಡುಗೆ ಹೋಗ್ಬೇಕೋ?"

ಯಾಂಗ್ಜಿ ತಾಯಿಯ ಕಡೆ ನೋಡಿದಳು. ಮುದುಕಿ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಅವಳ ಕಣ್ಣು ಮೂರು ಗಂಟುಗಳ ಮೇಲಿತ್ತು. ಕಟ್ಟಿಗೆ ಹೊರೆಯ ಮೇಲೆ, ಎಡಕ್ಕೆ ಬದಲು ಬಲಕ್ಕೆ ತಿರುಗಿದ್ದ ಆ ಬಾಲದ ಮೇಲೆ, ಬಹಳ ಹೊತ್ತು ಇತ್ತು.

"ಕಾಠ್ಮಂಡುಗೆ ಹೋಗ್ಲಿ," ಎಂದಳು ಯಾಂಗ್ಜಿ. "ಅವನು ಅಲ್ಲೇ ಇರ್ತಾನೆ. ಕಲ್ಲಿನ ಕೆಳಗೆ ಇರ್ತಾನೆ. ನಿಮ್ ಕಾಗದದ ಕೆಳಗೆ ಇರಲ್ಲ."

ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ಎತ್ತಿ ಒಲೆಯೊಳಗೆ ಎಸೆದಳು. ಅದು ಸಿಡಿದು ನೀಲಿಯಾಗಿ ಉರಿಯಿತು. ಸಾಹೇಬ ಬಾಗಿಲು ದಾಟಿದ. ಅಂಗಳದಲ್ಲಿ ನಿಂತು ರೇಡಿಯೋದಲ್ಲಿ ಎರಡು ಮಾತು ಹೇಳಿದ. ಸದ್ದು ಮೇಲೆದ್ದು, ಛಾವಣಿಯ ಮೇಲೆ ಹಾದು, ಕಣಿವೆಯ ಕೆಳಗಿನ ಕಡೆಗೆ ಕ್ಷೀಣವಾಯಿತು. ಮೋಡ ಹತ್ತುತ್ತಿತ್ತು. ಮೇಲೆ ಯಾರೂ ಹೋಗಲಿಲ್ಲ.

ಪೊಲೀಸ್ ಹೋಗಲಿಲ್ಲ. ಯಾಕೋ ಅವನು ಕುಳಿತೇ ಇದ್ದ. ಜೇಬಿನಿಂದ ತನ್ನದೇ ಪುಸ್ತಕ ತೆಗೆದು ಖಾಲಿ ಹಾಳೆ ಬಿಡಿಸಿದ. ಪೆನ್ನನ್ನು ಎರಡು ಸಲ ಕೊಡವಿದ.

"ಗಂಟಿಗೆ ಬಾಯಿಲ್ಲ ಬಹಿನಿ. ಹೆಸರು ಇಲ್ದೆ ನಾನು ಏನೂ ಬರೆಯೋಕಾಗಲ್ಲ. ಬರೆದ್ರೂ ಏನಾಗುತ್ತೋ ನಂಗೊತ್ತಿಲ್ಲ. ಮೇಲಿನವರು ಹರಿದು ಹಾಕ್ಬಹುದು. ಹೇಳ್ತೀಯಾ?"

ಯಾಂಗ್ಜಿ ಬಾಯಿ ತೆರೆದಳು. ಮುಚ್ಚಿದಳು. ಹದಿಮೂರು ದಿನ ಹಲ್ಲಿನ ಹಿಂದೆ ಕಟ್ಟಿಟ್ಟ, ಇಬ್ಬರಿಗೂ ಒಂದೇ ಆಗಿದ್ದ ಹೆಸರು. ಅದನ್ನು ತಮ್ಮನಿಗೆ ಇಟ್ಟವಳು ಎದುರಿಗೆ ಕುಳಿತಿದ್ದಳು.

ಮುದುಕಿ ನಿಧಾನವಾಗಿ, ಮೊದಲು ಒಂದು ಕಿವಿಯಿಂದ, ಆಮೇಲೆ ಇನ್ನೊಂದರಿಂದ, ಕೈ ತೆಗೆದಳು. ಕೇಳಿಸಿಕೊಳ್ಳಲು ಕುಳಿತಳು.

"ಬರ್ಕೊಳ್ಳಿ ಹಜೂರ್: ಫುರ್ಬಾ. ಎರಡಲ್ಲ, ಒಂದು."